ಮಾವನ ಫೋನಿಗೆ ಹೋದ ಆರು ಅಂಕಿ

ರಾಯದುರ್ಗದ ಸಣ್ಣಬಸಪ್ಪನಿಗೆ ಈ ಜಗತ್ತಿನಲ್ಲಿ ಆಗಿಬರದ ವಿಷಯಗಳು ಎರಡೇ ಎರಡು. ಒಂದು ಸರ್ಕಾರಿ ಅರ್ಜಿ, ಇನ್ನೊಂದು ಮಡಕಶಿರದ ಕಡೆಯ ಮಾವ. ಇವೆರಡೂ ಮಾತಾಡಿಕೊಂಡು ಬಂದಂತೆ ಒಂದೇ ಬುಧವಾರ ತನ್ನ ಮೇಲೆ ಬೀಳುತ್ತವೆಂದು ಗೊತ್ತಿದ್ದರೆ ಅವನು ಅಂದು ಹಾಸಿಗೆ ಬಿಟ್ಟು ಏಳುತ್ತಲೇ ಇರಲಿಲ್ಲ. (ಹಾಗೆ ನೋಡಿದರೆ ಉಳಿದ ದಿನಗಳಲ್ಲೂ ಅವನು ಬೇಗ ಏಳುವ ಪೈಕಿ ಅಲ್ಲ.)

ಅವನದು ಜೀನ್ಸ್ ಪ್ಯಾಂಟು ಹೊಲಿಯುವ ಸಣ್ಣ ಯೂನಿಟ್ಟು. ಹನ್ನೆರಡು ಮಿಷನ್ನು, ಹನ್ನೆರಡು ಹೆಣ್ಣುಮಕ್ಕಳು. ಬಳ್ಳಾರಿಯಿಂದ ಕತ್ತರಿಸಿದ ಬಟ್ಟೆ ಬರುತ್ತದೆ, ಪ್ಯಾಂಟಾಗಿ ವಾಪಸು ಹೋಗುತ್ತದೆ. ಐದು ವರ್ಷ ಕೋಟೆ ಹತ್ತಿರದ ಬಾಡಿಗೆ ಮನೆಯಲ್ಲಿದ್ದದ್ದು ಹೋದ ಯುಗಾದಿಗೆ ಊರಾಚೆಯ ಸ್ವಂತ ಶೆಡ್ಡಿಗೆ ಬಂತು. ಹಾಲು ಉಕ್ಕಿಸಿದ್ದಾಯಿತು, ತೋರಣ ಕಟ್ಟಿದ್ದಾಯಿತು, ದೃಷ್ಟಿಗೆ ಬೂದುಗುಂಬಳ ಒಡೆದದ್ದಾಯಿತು. ಸರ್ಕಾರದ ಉದ್ಯಮ ನೋಂದಣಿಯಲ್ಲಿ ವಿಳಾಸ ಬದಲಾಯಿಸುವುದೊಂದು ಉಳಿಯಿತು. ಹೆಂಡತಿ ವನಿತಾ ನೆನಪಿಸಿದಾಗಲೆಲ್ಲ ಅವನು, "ಸರ್ಕಾರದೋರು ಏನು ನಮ್ಮನಿಗೆ ಊಟಕ್ಕ ಬರ್ತಾರೇನು, ಅಡ್ರೆಸ್ ಕೊಡಾಕ?" ಎನ್ನುತ್ತಿದ್ದ.

ಬುಧವಾರ ಬೆಳಿಗ್ಗೆ ಬಳ್ಳಾರಿಯ ವ್ಯಾಪಾರಿ ಬಾಲರಾಜು ಫೋನು ಮಾಡಿದ.

"ಸಣ್ಣಬಸಪ್ಪನವರ, ನಿಮ್ಮ ಸರ್ಟಿಫಿಕೇಟಿನ ಅಡ್ರೆಸ್ಸಿಗೆ ನಮ್ಮ ಲಾರಿ ಹೋಗಿತ್ತು. ಅಲ್ಲಿ ಯಾರೋ ಮಿರ್ಚಿ ಕರೀತಿದ್ರಂತ. ನಮ್ಮ ಡ್ರೈವರು ನಾಕು ಮಿರ್ಚಿ ತಿಂದು ವಾಪಸ್ ಬಂದಾನ. ನೋಡ್ರಿ, ಕಾಗದದಾಗ ಇರೋ ಜಾಗಕ್ಕ ಮಾತ್ರ ಬಟ್ಟೆ ಇಳಿಸ್ಬೇಕಂತ ಈಗ ನಮ್ಮ ಕಂಪನಿ ಹೊಸ ರೂಲು. ಶನಿವಾರದೊಳಗ ಸರಿ ಮಾಡಿಸ್ರಿ. ಇಲ್ಲಾಂದ್ರ ಈ ಎರಡು ಸಾವಿರ ಪ್ಯಾಂಟು ಬ್ಯಾರೆಯವರಿಗೆ."

ಎರಡು ಸಾವಿರ ಪ್ಯಾಂಟೆಂದರೆ ಹನ್ನೆರಡು ಮಿಷನ್ನಿಗೂ ದೀಪಾವಳಿಯವರೆಗೆ ಕೆಲಸ. ಅದು ಹೋದರೆ ಹನ್ನೆರಡು ಮನೆಗಳಲ್ಲಿ ಹಬ್ಬ ಇಲ್ಲ. ಸಣ್ಣಬಸಪ್ಪ ಸ್ಕೂಟರಿನ ಕೀಲಿ ಎತ್ತಿಕೊಂಡ. ವನಿತಾ ಸೆರಗು ಸಿಕ್ಕಿಸಿಕೊಂಡು ಸ್ಕೂಟರಿನ ಹಿಂದೆ ಕೂತಳು.

ಬಸ್ ಸ್ಟ್ಯಾಂಡ್ ಹತ್ತಿರದ ನೆಟ್ ಸೆಂಟರು ನಡೆಸುವ ಹೇಮಶ್ರೀ ನೋಂದಣಿ ನಂಬರು ಒತ್ತಿ, "ಅಣ್ಣಾರ, ಓಟಿಪಿ ಹೋಗೈತಿ ನೋಡ್ರಿ. ಆರು ಅಂಕಿ. ಹತ್ತು ನಿಮಿಷ ಟೈಮು" ಎಂದಳು. ಸಣ್ಣಬಸಪ್ಪ ತನ್ನ ಫೋನು ನೋಡಿದ. ಕೊಡವಿದ. ಮತ್ತೆ ನೋಡಿದ.

"ರೀ," ಅಂದಳು ವನಿತಾ ನಿಧಾನವಾಗಿ, "ಅವತ್ತು ಕೊಟ್ಟಿದ್ದು ನಮ್ಮಪ್ಪನ ನಂಬರಲ್ವಾ?"

ಹೌದು. ವನಿತಾಳ ಅಪ್ಪ ಸಣ್ಣತಿಮ್ಮಪ್ಪನ ಕೈಗುಣ ಹೇಮಾವತಿ ಸುತ್ತಿನ ಹಳ್ಳಿಗಳಲ್ಲೆಲ್ಲ ಹೆಸರುವಾಸಿ. ಕಡಲೆಕಾಯಿ ಬಿತ್ತನೆಗೆ ಮೊದಲ ಬೀಜ ಅವನೇ ಹಾಕಬೇಕು, ಹೊಸ ಅಂಗಡಿಗೆ ಬೋಣಿ ಅವನದೇ ಆಗಬೇಕು. ಐದು ವರ್ಷದ ಹಿಂದೆ ನೋಂದಣಿ ಮಾಡಿಸುವಾಗ ಸಣ್ಣಬಸಪ್ಪನೂ ಮಾವನ ಕೈಯಿಂದಲೇ ಬೋಣಿ ಆಗಲೆಂದು, ಫೋನ್ ನಂಬರಿನ ಜಾಗದಲ್ಲಿ ಭಕ್ತಿಯಿಂದ ಮಾವನ ನಂಬರು ಬರೆಸಿದ್ದ. (ಆಗ ಮಾವ ದೇವರಂಥವನು.)

ಆಮೇಲೆ ಬಂದದ್ದು ಪ್ಯಾಂಟಿನ ಪ್ರಕರಣ. ಅಳಿಯ ಪ್ರೀತಿಯಿಂದ ಹೊಲಿಸಿ ಕೊಟ್ಟ ನೀಲಿ ಜೀನ್ಸನ್ನು ಮಾವ ಕಡಲೆಕಾಯಿ ಹೊಲದ ಬೆದರುಬೊಂಬೆಗೆ ತೊಡಿಸಿದ್ದ. ಅದು ಹಂದಿಗಳನ್ನು ಚೆನ್ನಾಗಿ ಓಡಿಸುತ್ತಿದೆ ಎಂದು ನೆಂಟರ ಮುಂದೆ ಹೊಗಳಿಯೂ ಇದ್ದ. ಅಂದಿನಿಂದ ಎರಡು ವರ್ಷ ಸಣ್ಣಬಸಪ್ಪ ಮಾವನ ಊರಿನ ದಿಕ್ಕಿಗೆ ತಲೆಯಿಟ್ಟೂ ಮಲಗಿಲ್ಲ.

"ನೀನ ಮಾತಾಡು," ಎಂದ ಹೆಂಡತಿಗೆ.

"ಕಂಪನಿ ನಿಮ್ದು, ನಂಬರ್ ಕೊಟ್ಟೋರು ನೀವು. ನಾನ್ಯಾಕೆ ಮಾತಾಡ್ಲಿ?"

ಬೇರೆ ದಾರಿಯಿರಲಿಲ್ಲ. ಅವನ ಫೋನು ಸ್ಪೀಕರ್ ಹಾಕಿದರೆ ಮಾತ್ರ ಕೇಳಿಸುವಂಥದು. ನೆಟ್ ಸೆಂಟರಿನಲ್ಲಿದ್ದ ಏಳೆಂಟು ಜನ ತಮ್ಮ ತಮ್ಮ ಕೆಲಸ ಬಿಟ್ಟು ಕಿವಿ ಕೊಟ್ಟರು.

"ಮಾವಾರ, ನಾನ್ರಿ, ಸಣ್ಣಬಸಪ್ಪ."

"ಯಾವ ಸಣ್ಣಬಸಪ್ಪ?"

"ನಿಮ್ಮ ಅಳಿಯ ರೀ. ಈಗ ನಿಮ್ಮ ಫೋನಿಗೆ ಆರು ಅಂಕಿ ಬಂದಾವು. ಲಗೂನ ಹೇಳ್ರಿ."

ಹೋದ ವಾರವಷ್ಟೇ ಬ್ಯಾಂಕಿನವರು ಮಾವನ ಊರಿನಲ್ಲಿ ಮೀಟಿಂಗ್ ಮಾಡಿ, ಫೋನಿಗೆ ಬಂದ ಅಂಕಿ ಕೇಳುವವನು ಕಳ್ಳ, ಅವನು ನೆಂಟನ ದನಿಯಲ್ಲೇ ಕೇಳುತ್ತಾನೆ ಎಂದು ಮೂರು ಮೂರು ಸಲ ಹೇಳಿ ಹೋಗಿದ್ದರು. ಮೀಟಿಂಗಿನಲ್ಲಿ ಮುಂದಿನ ಸಾಲಿನಲ್ಲಿ ಕೂತವನು ಸಣ್ಣತಿಮ್ಮಪ್ಪ.

"ಬಂದ್ಯಾ ಕಳ್ಳ ನನ್ಮಗನೇ," ಎಂದಿತು ಸ್ಪೀಕರು. "ನಿನ್ನೇ ಕಾಯ್ತಿದ್ದೆ ಕಣೋ ನಾನು."

"ಮಾವಾರ, ದನಿ ಗೊತ್ತಾಗವಲ್ದೇನ್ರಿ?"

"ದನಿ ನಮ್ಮಳಿಯಂದೇ ಐತೆ. ಈಗ ದನೀನೂ ನಕಲಿ ಮಾಡ್ತಾರಂತೆ. ನೀನು ನಮ್ಮಳಿಯನೇ ಆದ್ರೆ ಹೇಳು, ಎರಡು ವರ್ಷದಿಂದ ನಮ್ಮನೆಗೆ ಯಾಕ್ ಬಂದಿಲ್ಲ?"

ಸಣ್ಣಬಸಪ್ಪ ಸುತ್ತ ನೋಡಿದ. ಹೇಮಶ್ರೀ ಕೀಬೋರ್ಡಿನಿಂದ ಕೈ ತೆಗೆದು ಗಲ್ಲಕ್ಕೆ ಇಟ್ಟುಕೊಂಡಿದ್ದಳು. ವನಿತಾ ಗೋಡೆಯ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ಓದುತ್ತಿದ್ದಳು.

"ನಾನು ಕೊಟ್ಟ ಪ್ಯಾಂಟು... ಬೆದರುಬೊಂಬಿಗೆ ಹಾಕಿದ್ರಿ. ಅದಕ್ಕ ಸಿಟ್ಟು ಬಂದಿತ್ತು."

"ಅದು ಊರಿಗೆಲ್ಲ ಗೊತ್ತು. ಕಳ್ಳಂಗೂ ಗೊತ್ತಿರ್ತದೆ. ಯಾರಿಗೂ ಗೊತ್ತಿಲ್ದಿರೋದು ಹೇಳು."

"ಟೈಮ್ ಅಯಿಪೋತಾಂದಿ ಅನ್ನಾ, ಚೆಪ್ಪೇಯ್," ಎಂದು ಹಿಂದಿನಿಂದ ಯಾರೋ ತೆಲುಗಿನಲ್ಲಿ ಅವಸರಿಸಿದರು. ಟೈಮು ಮುಗಿಯುತ್ತಿದೆ, ಹೇಳಿಬಿಡು ಎಂಬ ಕಾಳಜಿಗಿಂತ ಗುಟ್ಟು ಕೇಳುವ ಆಸೆಯೇ ಅದರಲ್ಲಿ ಹೆಚ್ಚಾಗಿತ್ತು.

ಹನ್ನೆರಡು ಹೆಣ್ಣುಮಕ್ಕಳ ಹಬ್ಬ ನೆನೆದು ಸಣ್ಣಬಸಪ್ಪ ಮಾನ ಮರ್ಯಾದೆಯನ್ನು ಗಾಳಿಗೆ ತೂರಿದ.

"ಮದುವಿ ದಿನ, ಧಾರೆ ಹೊತ್ತಿನ್ಯಾಗ, ನನ್ನ ಪಂಚೆ ಜಾರಿತ್ತು. ನೀವ ಹಿಂದಿಂದ ಬಂದು ನಿಮ್ಮ ಟವಲ್ ಬಿಗಿದು ಕಟ್ಟಿ ಉಳಿಸಿದ್ರಿ."

ನೆಟ್ ಸೆಂಟರು ಗೊಳ್ಳೆಂದಿತು. ಹದಿನಾಲ್ಕು ವರ್ಷ ಗಂಡನ ಜೊತೆ ಬಾಳಿದ ವನಿತಾಳಿಗೂ ಇದು ಹೊಸ ಸುದ್ದಿ, ಅವಳಿಗೆ ನಗು ತಡೆಯಲಾಗದೆ ಹೊರಗೆ ಹೋಗಬೇಕಾಯಿತು. ಅತ್ತ ಮಾವನೂ ನಗುತ್ತಿದ್ದ.

"ನೀನೇ ಕಣಪ್ಪ. ಅನುಮಾನವೇ ಇಲ್ಲ."

"ಹಂಗಾದ್ರ ಅಂಕಿ ಹೇಳ್ರಿ."

"ಅದೆಂಗ್ ಹೇಳ್ಲಿ? ಫೋನ್ನಾಗೆ ಯಾರಿಗೂ ಹೇಳಬೇಡಿ ಅಂದವ್ರೆ, ಅಳಿಯನಿಗಾದ್ರೆ ಹೇಳ್ಬೋದು ಅಂತ ಅಂದಿಲ್ಲ. ನಾಳೆ ನಾನೇ ತಗೊಂಡ್ ಬತ್ತೀನಿ."

ಮರುದಿನ ಮಧ್ಯಾಹ್ನ ಸಣ್ಣತಿಮ್ಮಪ್ಪ ಮೂರು ಬಸ್ಸು ಬದಲಾಯಿಸಿ ಬಂದಿಳಿದ. ಹೆಗಲ ಮೇಲೆ ಕಡಲೆಕಾಯಿ ಚೀಲ, ಬನಿಯನ್ ಜೇಬಿನಲ್ಲಿ ಫೋನು. ಅಪ್ಪನನ್ನು ನೋಡಿ ವನಿತಾಳ ಕಣ್ಣು ತುಂಬಿತು, ಅವಳು ಅದನ್ನು ಮುಚ್ಚಿಡಲೂ ಇಲ್ಲ. ಸಣ್ಣಬಸಪ್ಪ ಬಿಗಿಯಾಗಿ ನಿಂತಿದ್ದ. ಮಾವ ನೇರವಾಗಿ ಅವನ ಹತ್ತಿರ ಬಂದು, ಅತ್ತಿತ್ತ ನೋಡಿ, ಬಾಯಿಪಾಠ ಮಾಡಿಕೊಂಡು ಬಂದಿದ್ದ ನಿನ್ನೆಯ ಆರು ಅಂಕಿಗಳನ್ನು ಅವನ ಕಿವಿಯಲ್ಲಿ ಉಸುರಿದ. ಆ ಅಂಕಿ ನಿನ್ನೆಯೇ ಸತ್ತುಹೋಗಿದೆ ಎಂದು ಹೇಳಲು ಅಳಿಯನಿಗೆ ಬಾಯಿ ಬರಲಿಲ್ಲ. "ಊಟ ಮಾಡ್ರಿ ಮಾವಾರ, ಆಮ್ಯಾಲ ಹೋಗಾಣು" ಎಂದು ಚೀಲ ಇಳಿಸಿಕೊಂಡ. ಅಲ್ಲಿಗೆ ಎರಡು ವರ್ಷದ ಸಿಟ್ಟು ಮುಗಿಯಿತು.

ನೆಟ್ ಸೆಂಟರಿನಲ್ಲಿ ಹೊಸ ಓಟಿಪಿ ಬಂತು. ಮಾವ ಫೋನು ಕೈಬಿಡದೆ ತೋರಿಸಿದ, ಹೇಮಶ್ರೀ ಒತ್ತಿದಳು, ವಿಳಾಸ ಬದಲಾಯಿತು.

"ಮೊಬೈಲ್ ನಂಬರು?"

"ನಂದು ಹಾಕವಾ," ಎಂದ ಸಣ್ಣಬಸಪ್ಪ ಎದೆಯುಬ್ಬಿಸಿ.

"ಯಾವುದು? ಸಂಕ್ರಾಂತಿಯದಾ, ಯುಗಾದಿಯದಾ, ಈಗಿಂದಾ?" ಎಂದಳು ವನಿತಾ. ಗಂಡ ಆಫರಿಗೊಂದು ಸಿಮ್ಮು ಬದಲಾಯಿಸುವವನು. ವನಿತಾಳ ನಂಬರು ಬಿತ್ತು.

"ಕೆಲಸ ಮಾಡೋರು, ಹೆಂಗಸರು?" ಹೇಮಶ್ರೀ ಅರ್ಜಿಯ ಮುಂದಿನ ಸಾಲಿಗೆ ಬಂದಳು.

"ನಾನೂ ಸೇರಿ ಹದಿಮೂರು."

"ಗಂಡಸರು?"

"ಒಂದು ಬರಿ," ಎಂದ ಸಣ್ಣಬಸಪ್ಪ.

"ಯಾರದು?" ಎಂದಳು ವನಿತಾ.

"ಯಾರಂದ್ರ? ನಾನ."

"ನೀವೇನ್ ಕೆಲಸ ಮಾಡ್ತೀರಿ?" ವನಿತಾಳ ದನಿಯಲ್ಲಿ ವ್ಯಂಗ್ಯವಿರಲಿಲ್ಲ, ನಿಜವಾಗಿ ತಿಳಿದುಕೊಳ್ಳುವ ಕುತೂಹಲವಿತ್ತು. ಬೀಗ ತೆಗೆಯುವವಳು ಅವಳು, ಬಟ್ಟೆ ಹಂಚುವವಳು ಅವಳು, ಹೊಲಿಗೆ ನೋಡುವವಳು ಅವಳು. ಸಣ್ಣಬಸಪ್ಪ, "ನಾಕು ಮಂದಿ ಕೂಡ ಮಾತಾಡಬೇಕಲ್ಲ, ವ್ಯಾಪಾರ ಅಂದಮ್ಯಾಲ" ಎಂದ. ಅವನು ಹೇಳಿದ ನಾಲ್ಕು ಮಂದಿ ಹೋಟೆಲಿನಲ್ಲಿ ಅವನಿಗಾಗಿ ದಿನವೂ ಕಾಯುತ್ತಿದ್ದುದು ನಿಜ.

ಹೇಮಶ್ರೀ ಮಾವನ ಮುಖ ನೋಡಿದಳು. ಸಣ್ಣತಿಮ್ಮಪ್ಪ ನ್ಯಾಯಸ್ಥ.

"ಸರ್ಕಾರದ ಕಾಗದದಾಗೆ ಸುಳ್ಳು ಬರೆಸಬಾರ್ದು ಕಣಪ್ಪ," ಎಂದ.

ಗಂಡಸರು: ಸೊನ್ನೆ. ಪ್ರಿಂಟು ಬಂತು. ಬಾಲರಾಜುವಿಗೂ ಹೋಯಿತು.

ಶನಿವಾರ ಶೆಡ್ಡಿನಲ್ಲಿ ಇಸ್ತ್ರಿ ಮೇಜಿನ ಮೇಲಿದ್ದ ವನಿತಾಳ ಫೋನು ಕೂಗಿತು. ಅವಳ ಕೈತುಂಬ ಬಟ್ಟೆ, ಅದಕ್ಕೆ ಸಣ್ಣಬಸಪ್ಪ ಎತ್ತಿದ.

"ಕಾಗದ ನೋಡ್ದೆ ರೀ," ಎಂದ ಬಾಲರಾಜು ಬಲು ಖುಷಿಯಿಂದ. "ಎಲ್ಲಾ ಹೆಣ್ಣುಮಕ್ಕಳ ನಡೆಸೋ ಯೂನಿಟ್ಟು ಅಂತ ನಮಗ ಗೊತ್ತ ಇರಲಿಲ್ಲ. ನಮ್ಮ ಕಂಪನಿಯೋರು ಅಂಥಾ ಕಡೆ ಹೆಚ್ಚು ಮಾಲು ಕೊಡ್ತಾರ. ನಾಕು ಸಾವಿರ ಪ್ಯಾಂಟು ಕಳಿಸ್ತೀವಿ. ಸ್ವಲ್ಪ ಅಮ್ಮಾರಿಗೆ ಫೋನ್ ಕೊಡ್ರಿ."

"ಓನರು ನಾನ ರೀ."

"ಓನರು ನೀವ ಇರ್ರಿ, ಯಾರು ಬ್ಯಾಡ ಅಂದ್ರು? ಕೆಲಸ ಗೊತ್ತಿರೋರಿಗೆ ಕೊಡ್ರಿ."

ಫೋನು ಕೈ ಬದಲಾಯಿತು. ವನಿತಾ ಲಾರಿ ಯಾವಾಗ, ಜಿಪ್ಪು ಎಷ್ಟು, ಗುಂಡಿ ಯಾವ ಬಣ್ಣ ಎಂದು ಎರಡೇ ನಿಮಿಷದಲ್ಲಿ ಮಾತು ಮುಗಿಸಿದಳು. ನಾಲ್ಕು ಸಾವಿರ ಎಂದು ಕೇಳಿದ ಹನ್ನೆರಡು ಹೆಣ್ಣುಮಕ್ಕಳೂ ಮಿಷನ್ನು ನಿಲ್ಲಿಸಿ ಚಪ್ಪಾಳೆ ತಟ್ಟಿದರು. ಮಾವ ಬಾಗಿಲಲ್ಲಿ ಕೂತು ಕಡಲೆಕಾಯಿ ಬಿಡಿಸುತ್ತಿದ್ದವನು ಎಲ್ಲರಿಗೂ ಒಂದೊಂದು ಹಿಡಿ ಹಂಚಿದ.

ಫೋನಿಡುವ ಮುಂಚೆ ಬಾಲರಾಜು ಏನೋ ಕೇಳಿದ. ವನಿತಾ ಗಂಡನನ್ನೊಮ್ಮೆ ನೋಡಿ, "ಅವರಾ? ನಮ್ಮ ಯಜಮಾನ್ರು ಕಣ್ರಿ. ಇವತ್ತಿಂದ ಫೋನೆತ್ತೋ ಕೆಲಸಕ್ಕೆ ಸೇರ್ಕೊಂಡವ್ರೆ" ಎಂದಳು.

ಸಣ್ಣಬಸಪ್ಪನಿಗೆ ಯಾಕೋ ಇದರಲ್ಲಿ ಅವಮಾನಕ್ಕಿಂತ ಆಸೆಯೇ ಹೆಚ್ಚು ಕಂಡಿತು. ಮೆಲ್ಲಗೆ ಹೆಂಡತಿಯ ಹತ್ತಿರ ಹೋಗಿ ಕೇಳಿದ:

"ಹಂಗಾದ್ರ ಆ ಸೊನ್ನೆ ತೆಗೆಸಿ ಒಂದು ಮಾಡಿಸಬೌದಲ್ಲ?"

ವನಿತಾ ಕೈಯಲ್ಲಿದ್ದ ಪ್ಯಾಂಟಿನ ಹೊಲಿಗೆ ಎಳೆದು ನೋಡುತ್ತಾ ಹೇಳಿದಳು:

"ಮೂರು ತಿಂಗಳು ನಿಮ್ಮ ಕೆಲಸ ನೋಡೋಣ. ಆಮೇಲೆ ಅಪ್‌ಡೇಟ್ ಮಾಡ್ಸಿದ್ರಾಯ್ತು."