ಸೂಟ್‌ಕೇಸ್ ಕೆಳಗಿಡು, ಡಾರ್ಲಿಂಗ್!

ಸಂಗೀತ ಕೇಳುವುದೆಂದರೆ ಏನು ಎಂಬುದನ್ನು ದಿಲ್ಲಿ ಪಕ್ಕದ ಇಡೀ ಇಂದಿರಾಪುರಂಗೆ ತೋರಿಸಿಕೊಡುತ್ತೇನೆ! ಕಳೆದ ಡಿಸೆಂಬರ್‌ನಲ್ಲಿ ನಾನು ಇಂಥದೊಂದು ಘನಘೋರ ಪ್ರತಿಜ್ಞೆ ಮಾಡಿದೆ. ತೋರಿಸಿಯೂ ಕೊಟ್ಟೆ. ಇಂದಿರಾಪುರಂ ಕಣ್ಣು ಕಣ್ಣು ಬಿಟ್ಟು ನೋಡಿತು. ಆದರೆ ಅದು ಕೇಳಿಸಿಕೊಂಡದ್ದೇ ಬೇರೆ!

ಇದಕ್ಕೆಲ್ಲ ಮೂಲಪುರುಷ ನನ್ನ ಆಫೀಸಿನ ಸಾಕೇತ್. ನನಗಿಂತ ಇಪ್ಪತ್ತು ವರ್ಷ ಚಿಕ್ಕವನು, ಆದರೆ ಅವನು ಕೇಳುವ ಹಾಡುಗಳು ನನಗಿಂತ ಇಪ್ಪತ್ತು ವರ್ಷ ದೊಡ್ಡವು. ಒಂದು ದಿನ ಊಟದ ಹೊತ್ತಿನಲ್ಲಿ ಕೇಳಿದ:

"ಸರ್, ನೀವು ಸೋಲ್ ಕೇಳಿದ್ದೀರಾ?"

ನನಗೆ ಬೂಟಿನ ಸೋಲ್ ಗೊತ್ತಿತ್ತು. ಮನೆಯಲ್ಲಿ ಪ್ರತಿ ವಾದದಲ್ಲೂ ನನಗೇ ಕಟ್ಟಿಟ್ಟ ಸೋಲು ಗೊತ್ತಿತ್ತು. ಮೂರನೆಯದೊಂದು ಇದೆಯೆಂದು ತಿಳಿದಿರಲಿಲ್ಲ.

"ಸೋಲ್ ಅಂದ್ರೆ ಒಂದು ಬಗೆಯ ಸಂಗೀತ ಸರ್. ಕಾರ್ನರ್ ಲ್ಯಾಂಪ್ಸ್ ಅಂತ ಐದು ಜನರ ತಂಡ. ಅಮೆರಿಕದ ಒಂದು ಬೀದಿ ಮೂಲೆಯಲ್ಲಿ ನಿಂತು ಹಾಡ್ತಿದ್ದ ಕಪ್ಪು ಹುಡುಗರು. ಆಮೇಲೆ ದೊಡ್ಡ ಹೆಸರು ಮಾಡಿದ್ರು, ಹಿಂದೆ ನಲವತ್ತು ಪಿಟೀಲು ಬಂತು. ಆದ್ರೆ ನಿಜವಾದ ಮಜಾ ಇರೋದು ಮೊದಲ ಎರಡು ವರ್ಷದ ರೆಕಾರ್ಡಿಂಗ್‌ನಲ್ಲಿ. ಒಂದೇ ಮೈಕು. ಒಂದೇ ಗಿಟಾರು. ಕೇಳಿ ನೋಡಿ!"

ತನ್ನ ದೊಡ್ಡ ಹೆಡ್‌ಫೋನನ್ನು ನನ್ನ ಕಿವಿಗೆ ಏರಿಸಿದ. ನಾಲ್ವರು "ಊ..." ಎಂದು ನೆಲ ಹಾಸಿದರು. ಅದರ ಮೇಲೆ ಐದನೆಯವನ ತೆಳುವಾದ ದನಿ ಮೆಲ್ಲಗೆ ಎದ್ದು ನಿಂತಿತು. ಹಾಡಿನ ನಡುವೆ ಯಾರೋ ಉಸಿರೆಳೆದುಕೊಂಡದ್ದೂ ಕೇಳಿಸಿತು, ಯಾರದೋ ಕಾಲು ಹಲಗೆಯ ಮೇಲೆ ತಾಳ ಹಾಕಿದ್ದೂ ಕೇಳಿಸಿತು. ನನ್ನ ಚಪಾತಿ ತಣ್ಣಗಾಯಿತು. ಐವತ್ತೊಂದನೇ ವಯಸ್ಸಿನಲ್ಲಿ, ಫೈನಾನ್ಸ್ ವಿಭಾಗದ ಕ್ಯಾಂಟೀನಿನಲ್ಲಿ, ನನ್ನ ಕಣ್ಣು ಒದ್ದೆಯಾಯಿತು!

ಸಾಕೇತ್ ಅವರ ಮೂವತ್ತೆರಡು ಹಾಡುಗಳನ್ನು ನನ್ನ ಫೋನಿಗೆ ಹಾಕಿಕೊಟ್ಟ. ಹೆಡ್‌ಫೋನನ್ನೂ ಒಂದು ವಾರಕ್ಕೆ ಕೊಟ್ಟ. ಇನ್ನು ಬೇಕಾದದ್ದು ಏಕಾಂತ ಮಾತ್ರ. ಮನೆಯಲ್ಲಿ ಹೆಂಡತಿ ಉಷಾ, ಹದಿನಾಲ್ಕರ ಮಗಳು ಪ್ರಕೃತಿ, ನಿಮಿಷಕ್ಕೊಮ್ಮೆ ಸೀಟಿ ಹೊಡೆಯುವ ಕುಕ್ಕರ್ ಇರುವಾಗ ಏಕಾಂತ ಎಲ್ಲಿಂದ ತರಲಿ?

ಅದೂ ತಾನಾಗಿಯೇ ಒದಗಿಬಂತು. ಉಷಾಳ ಅಣ್ಣ ಶಂಕರಪ್ಪ ಸೇನೆಯಲ್ಲಿ ಸುಬೇದಾರ್. ಅವರ ಮಗ ಅನೂಪ್ ಡೆಹ್ರಾಡೂನಿನಲ್ಲಿ ತರಬೇತಿ ಮುಗಿಸಿ ಅಧಿಕಾರಿಯಾಗುವವನಿದ್ದ. ಶನಿವಾರ ಬೆಳಿಗ್ಗೆ ಪಾಸಿಂಗ್ ಔಟ್ ಪರೇಡ್. ಶುಕ್ರವಾರ ಸಂಜೆ ಆನಂದ ವಿಹಾರದಿಂದ ರೈಲು.

"ನಿಮಗೂ ಟಿಕೆಟ್ ಮಾಡ್ಲಾ?" ಎಂದು ಉಷಾ ಕೇಳಿದಳು.

ಆಗ ನನ್ನ ಬಾಯಿಂದ ಒಂದು ಸುಳ್ಳು ಹೊರಬಿತ್ತು. ಸುಳ್ಳು ಹೇಳುವಾಗ ನಾನು ಯಾವಾಗಲೂ ತೊದಲುತ್ತೇನೆ, ಅಂದು ಮಾತ್ರ ನೀರು ಕುಡಿದಷ್ಟು ಸಲೀಸಾಗಿ ಹೇಳಿಬಿಟ್ಟೆ! "ಆಫೀಸಿನಲ್ಲಿ ಆಡಿಟ್ ಇದೆ ಉಷಾ. ಶುಕ್ರವಾರ, ಶನಿವಾರ, ಭಾನುವಾರ ಮೂರು ದಿನವೂ ಮನೆಯಿಂದಲೇ ಕೂತು ಮುಗಿಸಬೇಕು."

ಉಷಾಳ ಮುಖ ಚಿಕ್ಕದಾಯಿತು. ಏನೋ ಹೇಳಲು ಬಾಯಿ ತೆರೆದಳು, ಮತ್ತೆ ಮುಚ್ಚಿದಳು. "ಇರ್ಲಿ ಬಿಡಿ. ಕೆಲಸ ಅಲ್ವಾ" ಎಂದಳು. ಅವಳು ಏನು ಹೇಳಲು ಹೊರಟಿದ್ದಳೆಂದು ನಾನು ಕೇಳಲೂ ಇಲ್ಲ. ನನ್ನ ಕಿವಿ ಆಗಲೇ ಬೀದಿ ಮೂಲೆಗೆ ಹೋಗಿ ನಿಂತಿತ್ತು.

ಶುಕ್ರವಾರ ಮಧ್ಯಾಹ್ನ ಮೂರೂವರೆಗೆ ತಾಯಿ, ಮಗಳು ಸೂಟ್‌ಕೇಸ್ ಎಳೆದುಕೊಂಡು ಹೊರಟರು. ನಾನು ಲ್ಯಾಪ್‌ಟಾಪಿನ ಮುಂದೆ ಕೂತು, ದೇಶದ ಖಜಾನೆಯೇ ನನ್ನ ತಲೆಯ ಮೇಲಿರುವವನಂತೆ ಹುಬ್ಬು ಗಂಟಿಕ್ಕಿ ಕೈ ಬೀಸಿದೆ. ಬಾಗಿಲು ಮುಚ್ಚಿತು. ಲ್ಯಾಪ್‌ಟಾಪೂ ಮುಚ್ಚಿತು!

ನಾಲ್ಕನೇ ಮಹಡಿಯ ಬಾಲ್ಕನಿಯಲ್ಲಿ ಆ ಹೊತ್ತಿಗೆ ಒಳ್ಳೆಯ ಬಿಸಿಲು ಬೀಳುತ್ತದೆ. ಒಂದು ಲೋಟ ಕಾಫಿ ಬೆರೆಸಿಕೊಂಡು ಹೋಗಿ ನಿಂತೆ. ಹೆಡ್‌ಫೋನ್ ಏರಿಸಿದೆ. ಹೊರಗಿನ ಸದ್ದನ್ನೆಲ್ಲ ಅಳಿಸಿಹಾಕುವ ಮಾಯಾಯಂತ್ರ ಅದು. ಟ್ರಾಫಿಕ್ಕೂ ಇಲ್ಲ, ತರಕಾರಿ ಭಯ್ಯಾನ ಕೂಗೂ ಇಲ್ಲ. ಜಗತ್ತಿನಲ್ಲಿ ಉಳಿದವರು ಆರೇ ಜನ: ಅವರೈವರು ಮತ್ತು ನಾನು.

ಏಳನೇ ಹಾಡು ಬಂತು ನೋಡಿ! ಹೆಂಡತಿ ಮನೆ ಬಿಟ್ಟು ಹೊರಟಿದ್ದಾಳೆ. ಗಂಡ ಅಂಗಲಾಚುತ್ತಿದ್ದಾನೆ. ಸೂಟ್‌ಕೇಸ್ ಕೆಳಗಿಡು ಪ್ರಿಯೆ, ನಾನು ನಿನಗೆ ಸುಳ್ಳು ಹೇಳಿದೆ, ಮೆಟ್ಟಿಲು ಹತ್ತಿ ವಾಪಸ್ ಬಾ. ಇಷ್ಟೇ ಹಾಡು. ಆದರೆ ಆ ಮುಖ್ಯ ಗಾಯಕ ಅದನ್ನು ಹೇಳುವ ರೀತಿ! ಎರಡನೇ ಸಲ ಕೇಳಿದಾಗ ನಾನು ಗುನುಗಿದೆ. ಮೂರನೇ ಸಲ ದನಿಗೂಡಿಸಿದೆ. ನಾಲ್ಕನೇ ಸಲ ಕಣ್ಣು ಮುಚ್ಚಿ, ರೇಲಿಂಗ್ ಹಿಡಿದು, ಮುಂದಕ್ಕೆ ಬಾಗಿ, ನನ್ನ ಇಡೀ ಐವತ್ತೊಂದು ವರ್ಷಗಳ ಉಸಿರನ್ನು ಒಟ್ಟುಗೂಡಿಸಿ ತಾರಸ್ಥಾಯಿಗೆ ಹಾರಿದೆ:

"ಪುಟ್ ಡೌನ್ ದಟ್ ಸೂಟ್‌ಕೇಸ್, ಡಾರ್ಲಿಂಗ್! ಐ ಟೋಲ್ಡ್ ಯೂ ಲೈಸ್! ಓ, ಐ ಟೋಲ್ಡ್ ಯೂ ಲೈಸ್! ಕಮ್ ಬ್ಯಾಕ್ ಅಪ್ ದ ಸ್ಟೇರ್ಸ್!"

ಕೆಳಗೆ ಏನಾಯಿತೆಂಬುದು ನನಗೆ ಆಮೇಲೆ ಪ್ರಕೃತಿಯಿಂದ ತಿಳಿದದ್ದು. ಕ್ಯಾಬ್ ತಡವಾಗಿತ್ತು. ಇಬ್ಬರೂ ಗೇಟಿನ ಬಳಿ ಸೂಟ್‌ಕೇಸ್ ಹಿಡಿದು ನಿಂತಿದ್ದರು. ಪಕ್ಕದ ಪಾರ್ಕಿನಲ್ಲಿ ನಮ್ಮ ಸೊಸೈಟಿಯ ಅಧ್ಯಕ್ಷ ತ್ಯಾಗಿ ಜೀ ಬಿಸಿಲು ಕಾಯಿಸುತ್ತ ಕಡಲೆಕಾಯಿ ಸುಲಿಯುತ್ತಿದ್ದರು. ಹೆಸರೇನೋ ತ್ಯಾಗಿ, ಆದರೆ ಬೇರೆಯವರ ಸಂಸಾರದಲ್ಲಿ ಪಂಚಾಯಿತಿ ಮಾಡುವ ಒಂದೇ ಒಂದು ಅವಕಾಶವನ್ನೂ ಅವರು ಈವರೆಗೆ ತ್ಯಾಗ ಮಾಡಿದ್ದಿಲ್ಲ! ಅಂಥವರ ಕಿವಿಗೆ ಮೇಲಿನಿಂದ ಒಬ್ಬ ಗಂಡಸಿನ ಆರ್ತನಾದ ಬಿತ್ತು. ತಲೆಯೆತ್ತಿ ನೋಡಿದರೆ ರೇಲಿಂಗ್ ಮೇಲೆ ಬಾಗಿ ಗೋಳಿಡುತ್ತಿರುವ ನಾನು. ತಲೆ ತಗ್ಗಿಸಿ ನೋಡಿದರೆ ಸೂಟ್‌ಕೇಸ್ ಹಿಡಿದ ನನ್ನ ಹೆಂಡತಿ, ಜೊತೆಯಲ್ಲಿ ಮಗಳು!

ಕಡಲೆಕಾಯಿ ನೆಲದ ಪಾಲಾಯಿತು.

"ಗೇಟ್ ಬಂದ್ ಕರೋ!" ಎಂದು ತ್ಯಾಗಿ ಜೀ ಗರ್ಜಿಸಿದರು. ಸೆಕ್ಯುರಿಟಿ ಭಯ್ಯಾ ಗೇಟು ಹಾಕಿದ. ಆಗ ತಾನೇ ಬಂದ ಕ್ಯಾಬ್ ಹೊರಗೇ ಉಳಿಯಿತು.

"ಉಷಾ ಜೀ, ಮತ್ ಜಾಯಿಯೇ! ಇನ್ಸಾನ್ ಸೇ ಗಲತೀ ಹೋ ಜಾತೀ ಹೈ" ಎಂದು ತ್ಯಾಗಿ ಜೀ ಕೈ ಜೋಡಿಸಿದರು. ಹೋಗಬೇಡಿ, ಮನುಷ್ಯ ಅಂದಮೇಲೆ ತಪ್ಪು ಮಾಡುತ್ತಾನೆ, ಕ್ಷಮಿಸಿಬಿಡಿ ಎಂದು!

ಉಷಾಗೆ ತಲೆಬುಡ ಅರ್ಥವಾಗಲಿಲ್ಲವಂತೆ. "ಯಾರ ಮನೆ ಗಂಡಸು ಹೀಗೆ ಅಳ್ತಿರೋದು, ಪಾಪ" ಎಂದುಕೊಂಡೇ ಮೇಲೆ ನೋಡಿದಳಂತೆ. ನೋಡಿದವಳ ಕೈಯಿಂದ ಸೂಟ್‌ಕೇಸ್ ತಾನಾಗಿ ಕೆಳಗೆ ಬಿತ್ತು.

"ಮಮ್ಮಾ! ಪಾಪಾ ಕೋ ಕ್ಯಾ ಹುವಾ? ಅವ್ರು ಫಾಲ್ ಆಗ್ತಾರೆ!" ಎಂದು ಪ್ರಕೃತಿ ಚೀರಿದಳು. ಫೋನ್ ಮಾಡಿದರು. ಹಾಡಿಗೆ ಅಡ್ಡಿ ಬೇಡವೆಂದು ಕರೆ ಬರದಂತೆ ಮಾಡಿಕೊಂಡಿದ್ದ ನಾನು ಎತ್ತಲಿಲ್ಲ. ಹೆಸರು ಹಿಡಿದು ಕೂಗಿದರು. ಉತ್ತರವಾಗಿ ನಾನು ಇನ್ನಷ್ಟು ಬಾಗಿ, "ಓ, ಐ ಟೋಲ್ಡ್ ಯೂ ಲೈಸ್!" ಎಂದೆ. ಲಿಫ್ಟಿಗೂ ಕಾಯದೆ ಎಲ್ಲರೂ ಮೆಟ್ಟಿಲು ಹತ್ತಿ ಓಡಿಬಂದರು.

ಇತ್ತ ನನಗೆ ಯಾರೋ ಹಿಂದಿನಿಂದ ಹೆಡ್‌ಫೋನ್ ಕಿತ್ತಂತಾಯಿತು. ತಿರುಗಿ ನೋಡಿದೆ. ಸ್ಟೇಷನ್ ದಾರಿಯಲ್ಲಿರಬೇಕಾದ ಹೆಂಡತಿ ಏದುಸಿರು ಬಿಡುತ್ತ ನಿಂತಿದ್ದಾಳೆ, ಮುಖ ಸುಣ್ಣದಂತೆ ಬಿಳಿಚಿಕೊಂಡಿದೆ. ಹೆಡ್‌ಫೋನ್ ಹಿಡಿದ ಮಗಳು ಅಳುತ್ತಿದ್ದಾಳೆ. ಹಿಂದೆ ತ್ಯಾಗಿ ಜೀ, ಲಾಠಿ ಹಿಡಿದ ಸೆಕ್ಯುರಿಟಿ, ನೀರಿನ ಲೋಟ ಹಿಡಿದ ಎದುರು ಫ್ಲ್ಯಾಟಿನ ಮಾತಾಜಿ!

ಉಷಾ ಕೇಳಿದಳು: "ರೀ, ನನಗೇನು ಸುಳ್ಳು ಹೇಳಿದ್ರಿ?"

ಮುಗಿಯಿತು! ಗೊತ್ತಾಗಿಬಿಟ್ಟಿದೆ! ಯಾರೋ ಆಫೀಸಿನವರು ಫೋನ್ ಮಾಡಿರಬೇಕು, ಅದಕ್ಕೇ ದಾರಿಯಿಂದ ವಾಪಸ್ ಬಂದಿದ್ದಾಳೆ, ಸಾಕ್ಷಿಗೆ ಅಧ್ಯಕ್ಷರನ್ನೂ ಕರೆತಂದಿದ್ದಾಳೆ! ನಾನು ಎರಡೂ ಕೈ ಎತ್ತಿಬಿಟ್ಟೆ.

"ಆಡಿಟ್ ಇಲ್ಲ ಉಷಾ! ಯಾವ ಆಡಿಟ್ಟೂ ಇಲ್ಲ! ಮೂರು ದಿನ ಒಬ್ಬನೇ ಇದ್ದು ಹಾಡು ಕೇಳೋಣ ಅಂತ ಸುಳ್ಳು ಹೇಳಿದೆ!"

ಎಲ್ಲೋ ಒಂದು ಪಾರಿವಾಳ ರೆಕ್ಕೆ ಬಡಿಯಿತು.

"ಆಡಿಟ್ ಇಲ್ವಾ?" ಎಂದಳು ಉಷಾ ನಿಧಾನವಾಗಿ.

"ಅಂದ್ರೆ... ನಿನಗದು ಗೊತ್ತಿರ್ಲಿಲ್ವಾ?"

"ಇಲ್ಲ. ನೀವು ಸುಳ್ಳು ಹೇಳಿದೆ, ಸುಳ್ಳು ಹೇಳಿದೆ ಅಂತ ಊರಿಗೇ ಕೇಳೋ ಹಾಗೆ ಅಳ್ತಿದ್ರಲ್ಲ, ಅದನ್ನ ಕೇಳಿದೆ."

"ಅಯ್ಯೋ, ಅದು ಹಾಡು!"

"ಹಾಡಾ?!" ಎಂದು ಉಷಾ. "ಗಾನಾ?!" ಎಂದು ತ್ಯಾಗಿ ಜೀ. "ಸಾಂಗ್?! ಓ ಗಾಡ್, ಪಾಪಾ!" ಎಂದು ಪ್ರಕೃತಿ.

ಮರ್ಯಾದೆಯ ಕೊನೆಯ ತುಣುಕನ್ನಾದರೂ ಉಳಿಸಿಕೊಳ್ಳಲು ಫೋನಿನ ಸ್ಪೀಕರಿನಲ್ಲಿ ಆ ಹಾಡನ್ನೇ ಹಾಕಿದೆ. ನಾಲ್ವರು ಮೆಲ್ಲಗೆ "ಊ..." ಎಂದರು. ಐದನೆಯವನು ಶುರುಮಾಡಿದ. ಸೆಕ್ಯುರಿಟಿ ಭಯ್ಯಾನ ಲಾಠಿ ನೆಲಕ್ಕೆ ಒರಗಿತು. ಭಾಷೆ ಬಾರದ ಮಾತಾಜಿ ಕಣ್ಣೊರೆಸಿಕೊಂಡರು. ಹಾಡು ಮುಗಿದಾಗ ತ್ಯಾಗಿ ಜೀ ಉಸಿರು ಬಿಟ್ಟು, "ವಾಹ್! ಯೇ ತೋ ಬಹುತ್ ಅಚ್ಛಾ ಹೈ" ಎಂದರು. ನಾನು ಎದೆಯುಬ್ಬಿಸಿದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿದರು: "ಫಿರ್ ಆಪ್ ಕ್ಯಾ ಕರ್ ರಹೇ ಥೇ?"

ಹಾಗಾದರೆ ನೀವು ಮಾಡುತ್ತಿದ್ದದ್ದು ಏನು! ಉಬ್ಬಿದ ಎದೆ ಅಲ್ಲೇ ಇಳಿಯಿತು.

ಎಲ್ಲರೂ ಹೋದರು. ಈ ಗದ್ದಲದಲ್ಲಿ ರೈಲೂ ಹೋಯಿತು. ಉಷಾ ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. ಸೋಫಾದ ಅಂಚಿನಲ್ಲಿ ಕೂತು ಹೇಳಿದಳು:

"ಅಣ್ಣನಿಗೆ ಗಡಿಯಿಂದ ರಜೆ ಸಿಗ್ಲಿಲ್ಲ. ನಾಳೆ ಪರೇಡ್ ಆದ್ಮೇಲೆ ಮನೆಯವರು ಇಬ್ಬರು ಹುಡುಗನ ಹೆಗಲಿಗೆ ನಕ್ಷತ್ರ ತೊಡಿಸ್ತಾರೆ. ಒಂದು ಕಡೆ ಅವನಮ್ಮ, ದೇವಕಿ ಅತ್ತಿಗೆ. ಇನ್ನೊಂದು ಕಡೆ ಇಂದುಶೇಖರ ಮಾವ ಇರ್ಲಿ ಅಂತ ಅನೂಪ ನಿಮ್ಮನ್ನೇ ಕೇಳಿದ್ದ. ನೀವು ಆಡಿಟ್ ಅಂದ್ರಿ. ಹೇಳಿದ್ರೆ ಬರೋಕಾಗದೆ ಸಂಕಟಪಡ್ತೀರಿ ಅಂತ ನಾನು ಹೇಳ್ಲೇ ಇಲ್ಲ."

ಗೇಟು ಹಾಕಿಸಿದ ತ್ಯಾಗಿ ಜೀ, ಹೆಡ್‌ಫೋನ್ ಕಿತ್ತ ಮಗಳು, ಇದ್ಯಾವುದೂ ಕೊಡದ ಆಘಾತವನ್ನು ಈ ನಾಲ್ಕು ಮಾತು ಕೊಟ್ಟವು. ಅನೂಪ ಚಿಕ್ಕವನಿದ್ದಾಗ ಬೇಸಿಗೆ ರಜೆಗೆ ಬಂದರೆ ನನ್ನ ಬೆನ್ನು ಬಿಡುತ್ತಿರಲಿಲ್ಲ. ಅವನಿಗೆ ಸೈಕಲ್ ಕಲಿಸಿದವನು ನಾನು. ಅಂಥ ಹುಡುಗ ಕರೆದರೆ, ಬಾಲ್ಕನಿಯಲ್ಲಿ ಕಾಫಿ ಕುಡಿಯುತ್ತ ನಿಂತಿದ್ದೆನಲ್ಲ!

ಎದ್ದು ಕಾರಿನ ಕೀ ತೆಗೆದುಕೊಂಡೆ. "ಚಲೋ" ಎಂದೆ. ಆರು ಗಂಟೆಗಳ ದಾರಿಯಲ್ಲಿ ಉಷಾ ನನ್ನೊಂದಿಗೆ ಆಡಿದ್ದು ಮೂರೇ ಮಾತು: "ಎಡಕ್ಕೆ." "ನಿಧಾನ." "ಮಂಜು."

ಮರುದಿನ ಬೆಳಿಗ್ಗೆ ಪರೇಡ್ ಮುಗಿಯಿತು. ಸಾಲು ಸಾಲಾಗಿ ನಿಂತ ಹುಡುಗರ ನಡುವೆ ನಮ್ಮ ಅನೂಪ ಕಂಬದಂತೆ ನೆಟ್ಟಗೆ ನಿಂತಿದ್ದ. ನನ್ನನ್ನು ಕಂಡದ್ದೇ ಅವನ ಕಣ್ಣು ಮಾತ್ರ ನಕ್ಕಿತು. "ಬಂದ್ರಾ ಮಾವ?" ಎಂದ ತುಟಿ ಅಲ್ಲಾಡಿಸದೆ. "ಬರದೆ ಇರ್ತೀನಾ?" ಎಂದೆ. ಪಕ್ಕದಲ್ಲಿ ಉಷಾ ಕೆಮ್ಮಿದಳು.

ದೇವಕಿ ಅತ್ತಿಗೆ ಎಡ ಹೆಗಲಿಗೆ ನಕ್ಷತ್ರ ತೊಡಿಸಿದರು. ಬಲ ಹೆಗಲು ನನ್ನದು. ಡೆಹ್ರಾಡೂನಿನ ಚಳಿಗೆ ಬೆರಳು ಮರಗಟ್ಟಿದ್ದವು, ಕಣ್ಣು ಮಂಜಾಗಿತ್ತು. ಹೇಗೋ ತಡಕಾಡಿ ಪಿನ್ ಸಿಕ್ಕಿಸಿ, ಒತ್ತಿ, ತಿರುಪಿ, ಭದ್ರಪಡಿಸಿದೆ. ಜೀವನದಲ್ಲಿ ಇಷ್ಟು ಅಚ್ಚುಕಟ್ಟಾಗಿ ಒಂದು ಕೆಲಸ ಮಾಡಿದ್ದೇ ಇಲ್ಲ ಎನಿಸಿತು.

ಹೊಸ ಲೆಫ್ಟಿನೆಂಟ್ ಅನೂಪ್ ತಾಯಿಗೆ ಸೆಲ್ಯೂಟ್ ಹೊಡೆಯಲು ಮಿಂಚಿನಂತೆ ಎಡಕ್ಕೆ ತಿರುಗಿದ. ಕುತ್ತಿಗೆಗೆ ಉರುಳು ಬಿದ್ದಂತಾಗಿ ನಾನೂ ಅವನ ಹಿಂದೆಯೇ ತಿರುಗಿದೆ! ತಿರುಗಿದ್ದೇನು, ಮುಗ್ಗರಿಸಿ ಅವನ ಬೆನ್ನಿಗೆ ಡಿಕ್ಕಿ ಹೊಡೆದೆ! ನೋಡಿದರೆ, ನಕ್ಷತ್ರದ ಜೊತೆಗೆ ನನ್ನ ಮಫ್ಲರನ್ನೂ ಸೇರಿಸಿ ಅವನ ಹೆಗಲಿಗೆ ಭದ್ರವಾಗಿ ಸಿಕ್ಕಿಸಿಬಿಟ್ಟಿದ್ದೆ!

"ಒಂದು ನಿಮಿಷ ಮಾವ, ಅಲ್ಲಾಡಬೇಡಿ, ಬಿಚ್ತೀನಿ" ಎಂದು ಅನೂಪ ಪಿಸುಗುಟ್ಟಿದ.

ಹಿಂದಿನ ಸಂಜೆಯಿಂದ ನಗದಿದ್ದ ಉಷಾ ಆಗ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕು, ಕಣ್ಣೊರೆಸಿಕೊಂಡು, ಸುತ್ತಲಿನವರಿಗೆಲ್ಲ ಕೇಳುವಂತೆ ಹೇಳಿದಳು:

"ಬಿಚ್ಚಬೇಡ ಕಣೋ! ಸ್ವಲ್ಪ ದಿನ ನಿನ್ನ ಹತ್ರಾನೇ ಕಟ್ಟಿಕೊಂಡಿರು. ಡ್ರಿಲ್ ಮಾಡ್ಸು!"