ಹೆಂಡತಿಗೆ ರಿಜಿಸ್ಟರ್ ನೋಟೀಸು

ಪುತ್ತೂರಿನಲ್ಲಿ ವಕೀಲರ ಗುಮಾಸ್ತನಾಗಿ ನಾಲ್ಕು ವರ್ಷ ತುಂಬುವಷ್ಟರಲ್ಲಿ, ವಕೀಲರಿಗಿಂತ ಕಾನೂನು ನನಗೇ ಹೆಚ್ಚು ಗೊತ್ತು ಎಂಬುದು ನನಗೆ ಖಚಿತವಾಗಿತ್ತು. ಈ ವಿಷಯ ವಕೀಲರಿಗೆ ಮಾತ್ರ ಇನ್ನೂ ತಿಳಿದಿರಲಿಲ್ಲ! ಹಿಂದೂ ವಿವಾಹ ಕಾಯ್ದೆಯಂತೂ ನನಗೆ ಬಾಯಿಪಾಠ. ಮದುವೆ, ವಿಚ್ಛೇದನ, ಜೀವನಾಂಶ, ಮಕ್ಕಳ ವಶ, ಯಾವುದರ ಕಲಮು ಕೇಳಿದರೂ ನಾನು ಕಣ್ಣು ಮುಚ್ಚಿ ಹೇಳುತ್ತಿದ್ದೆ. ಕಣ್ಣು ಬಿಟ್ಟು ಪುಸ್ತಕ ನೋಡಿದರೆ ಅಲ್ಲಿ ಬೇರೇನೋ ಇರುತ್ತಿತ್ತು.

ಆ ವರ್ಷ ನನ್ನ ಹೆಂಡತಿ ಲಲಿತೆ ಆರು ವರ್ಷದ ಮಗಳು ಶಾಂತಿಯನ್ನು ಕರೆದುಕೊಂಡು ಗುತ್ತಿಗಾರಿನ ತವರಿಗೆ ಹೋದಳು. ಎಂಟು ದಿನಕ್ಕೆಂದು ಹೋದವಳು ಒಂದೂವರೆ ತಿಂಗಳಾದರೂ ಬರಲಿಲ್ಲ. ಅಮ್ಮ ಅಂಗಳದಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡಿದ್ದಾರೆ ಎಂದು ಎರಡು ಕಾರ್ಡು ಬರೆದಿದ್ದಳು. ಉತ್ತರ ಬರೆಯಲು ನನಗೆ ಪುರುಸೊತ್ತಾಗಲಿಲ್ಲ. ತಳ ಹಿಡಿದ ಗಂಜಿಯ ಪಾತ್ರೆ ಉಜ್ಜುವುದರಲ್ಲೇ ದಿನ ಮುಗಿಯುತ್ತಿತ್ತು.

ಪಕ್ಕದ ಮನೆಯ ಜವಳಿ ವ್ಯಾಪಾರಿ ಇಬ್ರಾಯಿಕ ಬೇಲಿಯಾಚೆಯಿಂದ ಇದನ್ನೆಲ್ಲ ನೋಡುತ್ತಿದ್ದರು.

"ಎಂತ ಮಾರಾಯ್ರೆ, ಸುಮ್ಮನೆ ಹೋಗಿ ಕರ್ಕೊಂಡು ಬನ್ನಿ."

"ಹಾಗೆಲ್ಲ ಹೋಗ್ಲಿಕ್ಕೆ ಆಗುದಿಲ್ಲ ಇಬ್ರಾಯಿಕ. ಇದಕ್ಕೆ ಒಂಬತ್ತನೇ ಕಲಮು ಉಂಟು!"

"ಒಂಬತ್ತು ಗಂಟೆಗೆ ಬಸ್ಸೂ ಉಂಟಲ್ಲ?"

ಕಾನೂನು ಅರಿಯದವರೊಡನೆ ವಾದಿಸಿ ಫಲವಿಲ್ಲ. ಒಂಬತ್ತನೇ ಕಲಮು ಎಂದರೆ ದಾಂಪತ್ಯ ಹಕ್ಕುಗಳ ಪುನಃಸ್ಥಾಪನೆ. ಕಾರಣವಿಲ್ಲದೆ ದೂರ ಉಳಿದ ಸಂಗಾತಿಯನ್ನು ಮನೆಗೆ ಕರೆಸುವ ದಾರಿ. ಅತ್ತೆಯ ಮುರಿದ ಕಾಲು ಒಂದು ಕಾರಣ ಎಂಬುದು ನನ್ನ ಕಾನೂನು ತಲೆಗೆ ಹೊಳೆಯಲಿಲ್ಲ.

ಮರುದಿನ ವಕೀಲರು ಕೋರ್ಟಿಗೆ ಹೋದ ಮೇಲೆ ಹಳೆಯ ಕಾಗದಪತ್ರಗಳ ಕಟ್ಟೊಂದನ್ನು ಬಿಚ್ಚಿದೆ. ಯಾವುದೋ ಗಂಡ ಯಾವುದೋ ಹೆಂಡತಿಗೆ ಕೊಟ್ಟ ನೋಟೀಸಿನ ಕರಡು ಸಿಕ್ಕಿತು. ಆಹಾ, ಎಂಥ ಗಂಭೀರ ಭಾಷೆ! ಹೆಸರು, ಊರು ಬದಲಿಸಿ, ವಕೀಲರ ಹೆಸರು ಅಚ್ಚಾದ ಕಾಗದದಲ್ಲಿ ಇಡೀ ನಕಲು ಮಾಡಿ ರಿಜಿಸ್ಟರ್ ಟಪಾಲಿಗೆ ಹಾಕಿದೆ. ಓದಿ ನೋಡಿದೆನೇ? ಇಲ್ಲ. ಅಕ್ಷರ ದುಂಡಗೆ ಬಂದಿದೆಯೇ ಎಂದಷ್ಟೇ ನೋಡಿದೆ.

ನಾಲ್ಕನೆಯ ದಿನ ವಕೀಲರ ಕಚೇರಿಯ ಬಾಗಿಲಲ್ಲಿ ಮಾವ ನಿಂತಿದ್ದರು. ಹಿಂದೆ ಲಲಿತೆ, ಅವಳ ಕೈ ಹಿಡಿದ ಶಾಂತಿ. ನೋಟೀಸು ಇಷ್ಟು ಬೇಗ ಫಲ ಕೊಟ್ಟಿತೆಂದು ನನಗೆ ಹೆಮ್ಮೆಯಾಯಿತು. ಲಲಿತೆಯ ಅತ್ತು ಕೆಂಪಾದ ಕಣ್ಣು ಕಂಡಾಗ ಆ ಹೆಮ್ಮೆ ಅರ್ಧ ಇಳಿಯಿತು.

ಮಾವ ನನ್ನನ್ನು ದಾಟಿ ನೇರವಾಗಿ ವಕೀಲರ ಮೇಜಿಗೆ ಹೋದರು. "ಈ ನೋಟೀಸು ಕಳಿಸಿದ್ದು ನೀವಾ ಸ್ವಾಮಿ? ನನ್ನ ಮಗಳು ಮಾಡಿದ ತಪ್ಪು ಎಂತ?"

ವಕೀಲರು ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು. "ಸದರಿ ನೀವು ಮೂರು ವರ್ಷಗಳಿಂದ ನಮ್ಮ ಕಕ್ಷಿದಾರರನ್ನು ತೊರೆದು, ಅವರನ್ನು ಕ್ರೂರವಾಗಿ ಹಿಂಸಿಸಿರುವುದರಿಂದ ವಿವಾಹ ವಿಚ್ಛೇದನಕ್ಕೆ ದಾವಾ ಹೂಡಲಾಗುವುದು. ಮಗನನ್ನು ಕೂಡಲೇ ತಂದೆಯ ವಶಕ್ಕೆ ಒಪ್ಪಿಸತಕ್ಕದ್ದು."

ಕರೆಸುವ ನೋಟೀಸಲ್ಲ, ಬಿಡುವ ನೋಟೀಸು!

"ಯಾವ ಮಗ?" ಲಲಿತೆ ನನ್ನ ಕಡೆ ತಿರುಗಿದಳು. "ನಮಗೆ ಇರುದು ಒಂದು ಹೆಣ್ಣು. ಈ ಮಗ ಎಲ್ಲಿಂದ ಬಂದ? ಯಾರ ಮಗ ಅವ?"

"ಇನ್ನೊಂದು ಸಂಸಾರ ಉಂಟಾ ಅಳಿಯಂದಿರೇ?" ಎಂದರು ಮಾವ.

ಕಾಯ್ದೆಯ ಅಷ್ಟೂ ಕಲಮುಗಳು ನನ್ನ ತಲೆಯಿಂದ ಒಟ್ಟಿಗೆ ಹೊರಟುಹೋದವು. "ನಕಲು... ನಕಲು..." ಎಂದು ತೊದಲಿದೆ.

"ಹೆಂಡತಿ ನಕಲಾ, ಮಗ ನಕಲಾ?" ಮಾವ ಬಿಡಲಿಲ್ಲ.

ತಮ್ಮದೇ ಹಳೆಯ ಭಾಷೆಯನ್ನು ಗುರುತಿಸಿದ ವಕೀಲರೇ ಎದ್ದು ಆ ಹಳೆಯ ಕಟ್ಟು ಬಿಚ್ಚಿ ಮೂಲ ಕರಡನ್ನು ಮಾವನ ಮುಂದಿಟ್ಟರು. ಪ್ರತಿ ಸಾಲೂ ಒಂದೇ. ಹೀಗೆ ನನ್ನ ಶೀಲ ಉಳಿಯಿತು, ಬುದ್ಧಿ ಮಾತ್ರ ಎಲ್ಲರೆದುರು ಹರಾಜಾಯಿತು!

ಆದರೂ ಲಲಿತೆ ಕರಗಲಿಲ್ಲ. "ಅಮ್ಮ ಹಾಸಿಗೆಯಲ್ಲಿದ್ದಾರೆ. ಹೇಗಿದ್ದಾರೆ ಅಂತ ಒಂದು ಕಾರ್ಡು ಹಾಕ್ಲಿಕ್ಕೆ ನಿಮಗೆ ಆಗ್ಲಿಲ್ಲ, ರಿಜಿಸ್ಟರ್ ಹಾಕ್ಲಿಕ್ಕೆ ಆಯ್ತು. ನಾನು ಬರುದಿಲ್ಲ."

"ತಪ್ಪಾಯ್ತು ಲಲಿತಾ" ಎಂದೆ. ಕರಡು ನೋಡದೆ ನಾನು ಹೇಳಿದ ಮೊದಲ ಮಾತು ಅದು.

ವಕೀಲರು ಶಾಂತಿಯನ್ನು ಹತ್ತಿರ ಕರೆದರು. "ಕಾನೂನು ಮಗುವಿನ ಹಿತವನ್ನೇ ಮೊದಲು ನೋಡುದು. ನೀನು ಹೇಳು ಮಗಾ, ಯಾರೊಟ್ಟಿಗೆ ಇರ್ತಿ?"

"ಅಮ್ಮನೊಟ್ಟಿಗೆ. ಅಪ್ಪನೂ ಬರ್ಲಿ. ಅಜ್ಜಿಗೆ ನೀರು ಕೊಡ್ಲಿಕ್ಕೆ ಜನ ಇಲ್ಲ."

ತೀರ್ಪು ಅಲ್ಲೇ ಹೊರಬಿತ್ತು. ವಕೀಲರು ನನಗೆ ಹದಿನೈದು ದಿನ ರಜೆ ಬರೆದರು. ಹೆಂಡತಿಯನ್ನು ಗಂಡನ ಮನೆಗೆ ಕರೆಸಲು ಹೊರಟವನನ್ನು ಹೆಂಡತಿಯ ತವರಿಗೆ ಒಯ್ಯಲಾಯಿತು!

ಮರುದಿನ ಬೆಳಿಗ್ಗೆ ಗುತ್ತಿಗಾರಿನಲ್ಲಿ ಕಷಾಯದ ಲೋಟ ಹಿಡಿದು ಅತ್ತೆಯ ಹಾಸಿಗೆಯ ಬಳಿ ನಿಂತೆ. ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿ ಕೇಳಿದರು:

"ಕುಡಿಯಬಹುದಾ ಅಳಿಯಂದಿರೇ, ಅಲ್ಲ ಮೊದಲು ಸಹಿ ಹಾಕ್ಬೇಕಾ?"

ಅಡಿಗೆಮನೆಯಿಂದ ಲಲಿತೆಯ ನಗು ಕೇಳಿಸಿತು. ನನ್ನ ಎದೆ ಹಗುರಾಯಿತು. ಅದೇ ಸಂತೋಷದಲ್ಲಿ ಲೋಟ ವಾಲಿಸಿ, ಕಷಾಯವನ್ನೆಲ್ಲ ಅತ್ತೆಯ ಕಂಬಳಿಗೆ ಕುಡಿಸಿದೆ!