ಕೂರಬಾರದ ಕುರ್ಚಿ

ಎಗೋನ್ ಬೋಸೆರ್ಟ್ ಆ ಶುಕ್ರವಾರ ನೆಲ ಒರೆಸದೆ ಸುಮ್ಮನಿದ್ದಿದ್ದರೆ ಅವನಿಗೆ ಆ ಗತಿ ಬರುತ್ತಿರಲಿಲ್ಲ. ಆದರೆ ನಮ್ಮ ಗ್ರೌವೆನ್‌ಟೋರಿನಲ್ಲಿ ಸುಮ್ಮನಿರುವುದು ಅಂದರೆ ಹುಡುಗಾಟವೇ? ಗುಡಿಸುವ ಸರದಿ ಯಾರದೋ ಅವರ ಬಾಗಿಲಿಗೆ ಹಲಗೆ ನೇತುಹಾಕುತ್ತಾರೆ. ಹಲಗೆ ಬಂತೆಂದರೆ ಹಾಸಿಗೆ ಹಿಡಿದವನೂ ಎದ್ದು ಪೊರಕೆ ಹಿಡಿಯಬೇಕು. ಆ ವಾರ ಹಲಗೆ ಬಂದದ್ದು ಊರಿನ ಮ್ಯೂಸಿಯಮ್ಮಿಗೆ. ಅಲ್ಲಿ ಕಾವಲಿಗೆ ಕೂರುವ ಎಗೋನ್‌ಗೆ, ಅಂದರೆ.

ಎಗೋನ್ ಅಂಚೆ ಹಂಚಿ ನಿವೃತ್ತನಾದವನು. ಹಳೇ ಉಪ್ಪಿನ ಉಗ್ರಾಣದಲ್ಲಿರುವ ಮ್ಯೂಸಿಯಂ ಕಾಯಲು ತಾನಾಗಿ ಒಪ್ಪಿಕೊಂಡಿದ್ದ. ಅಲ್ಲಿರುವುದೆಲ್ಲ ತುಕ್ಕು ಹಿಡಿದ ಕತ್ತಿ, ಒಡೆದ ಜಾಡಿ. ಊರಿಗೆ ಹೆಮ್ಮೆ ಇರುವುದು ಬಾರ್ಬರಾಳ ಕುರ್ಚಿ ಒಂದರ ಬಗ್ಗೆ. ಮುನ್ನೂರು ವರ್ಷದ ಹಿಂದೆ ಫ್ರೆಂಚರ ದಂಡು ಬಂದಾಗ ಗಂಡಸರೆಲ್ಲ ನೆಲಮಾಳಿಗೆ ಸೇರಿದರಂತೆ. ಬೇಕರಿಯ ಬಾರ್ಬರಾ ಒಬ್ಬಳೇ ಊರಬಾಗಿಲಿಗೆ ಕುರ್ಚಿ ಹಾಕಿ ಕೂತು, ಬಟಾಣಿ ಸುಲಿಯುತ್ತಾ, ಇವತ್ತು ಬಾಗಿಲು ಮುಚ್ಚಿದೆ, ನಾಳೆ ಬನ್ನಿ ಅಂದಳಂತೆ. ದಂಡು ಹೊರಟುಹೋಯಿತಂತೆ. ನಮ್ಮೂರಿನ ಅಂಗಡಿಯವರು ಇವತ್ತಿಗೂ ಗಿರಾಕಿಗಳಿಗೆ ಹಾಗೇ ಹೇಳುತ್ತಾರೆ.

ಈ ಕುರ್ಚಿಯ ಕತೆ ಬಂದಾಗಲೆಲ್ಲ ಎಗೋನ್‌ನ ಹೆಂಡತಿ ಹೆಡ್ವಿಗ್ ಒಂದೇ ಹಟ ಹಿಡಿಯುತ್ತಿದ್ದಳು. ನನ್ನ ತವರಿನಿಂದ ಬಂದ ನಿಜವಾದ ಕುರ್ಚಿ ನಮ್ಮ ಅಡುಗೆಮನೆಯಲ್ಲಿದೆ, ಮ್ಯೂಸಿಯಂನವರು ಕೇಳಿದಾಗ ನಮ್ಮಜ್ಜಿ ಬಡಗಿ ಹತ್ತಿರ ಅಂಥದ್ದೇ ಇನ್ನೊಂದು ಮಾಡಿಸಿ ಕೊಟ್ಟಳು ಎನ್ನುತ್ತಿದ್ದಳು. ಬರೀ ನೋಡೋ ಜನಕ್ಕೆ ಒಳ್ಳೇ ಕುರ್ಚಿ ಯಾಕೆ ಕೊಡಬೇಕು ಎಂಬುದು ಅಜ್ಜಿಯ ವಾದವಂತೆ. ಎಗೋನ್ ಅದನ್ನು ಜೀವಮಾನವಿಡೀ ತಮಾಷೆ ಮಾಡಿದ. ಭಾನುವಾರ ಕಾಫಿಗೆ ಬಂದವರ ಮುಂದೆ, "ಮೆಲ್ಲಗೆ ಕೂತ್ಕೊಳ್ರಪ್ಪ, ಕೆಳಗೆ ಇತಿಹಾಸ ಇದೆ," ಅನ್ನುತ್ತಿದ್ದ. ಎಲ್ಲರೂ ನಗುತ್ತಿದ್ದರು. ಹೆಡ್ವಿಗ್ ಎದ್ದು ಕೇಕ್ ಕೊಯ್ಯಲು ಹೋಗುತ್ತಿದ್ದಳು. ಹೋದ ಚಳಿಗಾಲದಲ್ಲಿ ಅವಳು ತೀರಿಕೊಂಡಳು. ಆಮೇಲೆ ದಿನಾ ಬೆಳಿಗ್ಗೆ ಅವಳ ಖಾಲಿ ಕುರ್ಚಿಯ ಎದುರು ಕೂತು ಕಾಫಿ ಕುಡಿಯುವುದೇ ಎಗೋನ್‌ಗೆ ಉಳಿದ ಸಂಸಾರ.

ಆ ಶುಕ್ರವಾರ ಮಧ್ಯಾಹ್ನ ಮೇಯರ್ ಕ್ರೆಟ್ಸರ್ ರಾಜಧಾನಿಯಿಂದ ಒಬ್ಬ ಪ್ರೊಫೆಸರಮ್ಮನನ್ನು ಕರೆತರುವವರಿದ್ದರು. ಆಕೆ ಬಾರ್ಬರಾಳ ಕುರ್ಚಿಯ ಫೋಟೋ ನೋಡಿ, ಇದು ಅಷ್ಟು ಹಳೆಯದಲ್ಲ ಅನ್ನಿಸುತ್ತೆ ಎಂದು ಬರೆದಿದ್ದಳು. ಕಣ್ಣಾರೆ ನೋಡಲಿ ಅಂತ ಮೇಯರ್ ಜಂಬದಿಂದ ಕರೆಸಿದ್ದರು. ಎಗೋನ್ ಬೆಳಿಗ್ಗೆಯೇ ಬಂದು ಬಕೆಟ್ ಹಿಡಿದ. ಎದುರು ಮನೆಯ ನೇಗೆಲೆಯಮ್ಮ ಎಂದಿನಂತೆ ಕಿಟಕಿಯ ಕಟ್ಟೆಗೆ ದಿಂಬಿಟ್ಟು ಅದರ ಮೇಲೆ ಮೊಣಕೈ ಊರಿದ್ದಳು. ಬೀದಿಯಲ್ಲಿ ಬೆಕ್ಕು ಸೀನಿದರೂ ಆಕೆಗೆ ಗೊತ್ತಾಗಬೇಕು. ಮೂಲೆಯಲ್ಲಿ ಧೂಳಿದೆ ಎಂದು ಅಲ್ಲಿಂದಲೇ ಹೇಳಿದಳು. ಮೂಲೆಗೆ ಕೈ ಹಾಕಬೇಕಾದರೆ ಕುರ್ಚಿ ಸರಿಸಬೇಕು. ಎಗೋನ್ ಬಾರ್ಬರಾಳ ಕುರ್ಚಿಯನ್ನು ಹುಷಾರಾಗಿ ಎತ್ತಿ, ಹೊರಗೆ ಬಿಸಿಲಿಗಿಟ್ಟು, ಒಳಗೆ ಹೋಗಿ ನೆಲ ಕನ್ನಡಿಯಂತೆ ಒರೆಸಿದ.

ಹೊರಗೆ ಬಂದು ನೋಡುತ್ತಾನೆ, ಕುರ್ಚಿ ಇಲ್ಲ. ಬೀದಿಯುದ್ದಕ್ಕೂ ಪ್ರತಿ ಮನೆಯ ಮುಂದೆ ಹರಿದ ಸೋಫಾ, ಮುರಿದ ಮಂಚ. ಆಗ ಅವನಿಗೆ ನೆನಪಾಯಿತು. ಅವತ್ತು ಹಳೇ ಸಾಮಾನಿನ ದಿನ. ಆ ದಿನ ರಸ್ತೆಬದಿಗೆ ಇಟ್ಟದ್ದನ್ನು ಯಾರು ಬೇಕಾದರೂ ಒಯ್ಯಬಹುದು, ಉಳಿದದ್ದು ಕಸದ ಲಾರಿಗೆ. ತಲತಲಾಂತರದಿಂದ ನಡೆದುಬಂದ ಪದ್ಧತಿ.

"ಹಳೇ ಸಾಮಾನು ಆಯೋ ವ್ಯಾನಿನವನು ತಗೊಂಡ್ ಹೋದ," ಎಂದಳು ನೇಗೆಲೆಯಮ್ಮ. "ಪಾಪ, ಒಬ್ನೇ ಇದ್ದ. ನಾನೇ ಕೆಳಗಿಳಿದು ಒಂದ್ ಕೈ ಹಿಡಿದು ಹತ್ತಿಸ್ದೆ."

"ಅದು ಬಾರ್ಬರಾ ಕುರ್ಚಿ ಕಣ್ರೀ!"

"ನಂಗೇನ್ ಗೊತ್ತು? ರಸ್ತೆಗೆ ಇಟ್ಟೋರು ನೀವು."

ಎಗೋನ್ ಸೈಕಲ್ ಹತ್ತಿದ. ವಯಸ್ಸಾದ ಮೊಣಕಾಲು ಬೇಡ ಬೇಡ ಅಂದರೂ ಕೇಳದೆ ಊರೆಲ್ಲ ತುಳಿದ. ಸೇತುವೆಯ ಹತ್ತಿರ ಆ ವ್ಯಾನು ಸಿಕ್ಕಿತು. ಕುರ್ಚಿ ಇರಲಿಲ್ಲ. "ಅದಾ ತಾತ? ಅಡಿಯಲ್ಲಿ ನೋಡಿದ್ರೆ ಬರೀ ಸ್ಕ್ರೂ. ಹಳೇದಲ್ಲ ಅದು, ವೇಷ ಅಷ್ಟೆ. ಅಲ್ಲೇ ರಾಶಿಗೆ ಎಸೆದೆ," ಎಂದು ವ್ಯಾನಿನವನು ಬೆರಳು ತೋರಿಸಿದ. ಅವನ ಬೆರಳಿನ ತುದಿಯಲ್ಲಿ ಕಸದ ಲಾರಿ ನಿಂತಿತ್ತು. ಎಗೋನ್ ಕೂಗುವುದಕ್ಕೂ ಅದರ ಬಾಯಿ ಮುಚ್ಚುವುದಕ್ಕೂ ಸರಿಹೋಯಿತು. ಲಟಲಟ ಸದ್ದು ಕೇಳಿತು. ಸ್ಕ್ರೂ ಮಾತು ಆ ಗಾಬರಿಯಲ್ಲಿ ಅವನ ತಲೆಗೆ ಹೋಗಲೇ ಇಲ್ಲ.

ಹೆಸರು ಕೆಡುವುದು ಒಂದು ಕಡೆ, ಊರಿನ ಮಾನ ಕಳೆದವನು ಅಂತ ಗೋರಿಯ ಕಲ್ಲಿನ ಮೇಲೂ ಬರೆದುಬಿಡುವ ಜನ ನಮ್ಮವರು. ಎಗೋನ್ ಮನೆಗೆ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತ. ಹೆಡ್ವಿಗ್‌ಳ ಕುರ್ಚಿ ಒಲೆಯ ಪಕ್ಕದಲ್ಲಿತ್ತು. ನೋಡಲು ಥೇಟ್ ಅದೇ. ಅವಳು ಹಾಕಿದ್ದ ಮೆತ್ತೆಯನ್ನು ತೆಗೆದು ಮೇಜಿನ ಮೇಲಿಟ್ಟ.

"ಇವತ್ತು ಒಂದು ಮಧ್ಯಾಹ್ನ ಕಣೇ," ಎಂದ ಖಾಲಿ ಮನೆಗೆ. "ಬಡಗಿ ಹತ್ರ ಬೇರೆ ಮಾಡಿಸಿ ಅಲ್ಲಿಡ್ತೀನಿ. ನಿನ್ನದನ್ನ ಸಂಜೆಗೇ ತರ್ತೀನಿ, ಆಣೆ."

ಸೈಕಲ್ಲಿನ ಹಿಂದೆ ಕುರ್ಚಿ ಕಟ್ಟಿಕೊಂಡು ಹೊರಟರೆ ದಾರಿಯಲ್ಲಿ ಸಿಕ್ಕವರಿಗೆಲ್ಲ ಬುದ್ಧಿ ಹೇಳುವ ಚಪಲ. ಅದಕ್ಕೆ ಬಣ್ಣ ಹೊಡೆಸು ಎಂದ ಒಬ್ಬ. ಹೆಂಡತಿ ಸತ್ತ ಮೇಲೆ ಕಸ ಆಯುವುದಕ್ಕೆ ಶುರುಮಾಡಿದ ಪಾಪ ಎಂದಳು ಇನ್ನೊಬ್ಬಳು, ಅವನಿಗೆ ಕೇಳಿಸುವ ಹಾಗೆಯೇ. ಹೇಗೋ ಮ್ಯೂಸಿಯಂ ಸೇರಿ, ಜನ ಮುಟ್ಟದಂತೆ ಕಟ್ಟಿದ್ದ ಹಗ್ಗದ ಆಚೆ ಕುರ್ಚಿ ಇಟ್ಟು ಬೆವರು ಒರೆಸಿಕೊಳ್ಳುವಷ್ಟರಲ್ಲಿ ಮೇಯರ್ ಬಂದರು. ಜೊತೆಗೆ ಪ್ರೊಫೆಸರಮ್ಮ, ಅವರ ಹಿಂದೆ ಕರೆಯದೆ ಬಂದ ನೇಗೆಲೆಯಮ್ಮ.

ಪ್ರೊಫೆಸರಮ್ಮ ಕುರ್ಚಿಯನ್ನು ಮಗುಚಿ ಹಾಕಿ, ಮಂಡಿಯೂರಿ ಟಾರ್ಚ್ ಬಿಟ್ಟಳು. ಈಗ ಅಡುಗೆಮನೆಯ ಜಿಡ್ಡು ಸಿಕ್ಕುತ್ತೆ, ಮುಗಿಯಿತು ನನ್ನ ಕತೆ ಎಂದು ಎಗೋನ್ ಕಣ್ಣು ಮುಚ್ಚಿದ.

"ಕ್ಷಮಿಸಬೇಕು ಮೇಯರ್ ಅವರೆ, ಫೋಟೋ ನೋಡಿ ನಾನು ತಪ್ಪು ತಿಳಿದೆ," ಎಂದಳು ಆಕೆ. "ಒಂದು ಮೊಳೆ ಇಲ್ಲ, ಸ್ಕ್ರೂ ಇಲ್ಲ, ಎಲ್ಲ ಮರದ ಗೂಟ. ಇಲ್ಲಿ ನೋಡಿ, ಬೇಕರಿಯವರ ಸಂಘದ ಗುರುತನ್ನು ಮರದ ಮೇಲೆ ಸುಟ್ಟು ಒತ್ತಿದ್ದಾರೆ, ಪಕ್ಕದಲ್ಲಿ ಇಸವಿ. ಇದು ಅವಳದ್ದೇ."

ಮೇಯರ್ ಚಪ್ಪಾಳೆ ತಟ್ಟಿದರು. ಎಗೋನ್‌ಗೆ ಮಾತ್ರ ಅಷ್ಟು ಹೊತ್ತಿಗೆ ವ್ಯಾನಿನವನ ಸ್ಕ್ರೂ ಮಾತು ತಲೆಗೆ ಇಳಿದಿತ್ತು. ಅದರ ಹಿಂದೆಯೇ ಕೇಕ್ ಕೊಯ್ಯಲು ಎದ್ದುಹೋಗುತ್ತಿದ್ದ ಹೆಡ್ವಿಗ್‌ಳ ಬೆನ್ನು ಕಂಡಿತು. ಆ ಬೆನ್ನನ್ನು ನೋಡಿ ತಾನು ಎಷ್ಟು ಸಲ ನಕ್ಕಿದ್ದೆ ಎಂದು ನೆನೆದು ಅವನಿಗೆ ತಡೆಯಲಾಗಲಿಲ್ಲ.

"ಸ್ವಾಮಿ, ಇದು ನನ್ ಹೆಂಡ್ತಿ ಕುರ್ಚಿ," ಎಂದ. "ಇಲ್ಲಿದ್ದದ್ದು ಬೆಳಿಗ್ಗೆ ಲಾರಿ ಪಾಲಾಯ್ತು. ಇದನ್ನ ನಮ್ಮನೇಯಿಂದ ತಂದೆ. ವಾಪಸ್ ಕೊಡಿ, ನಾಳೆ ಬೆಳಿಗ್ಗೆ ಕಾಫಿಗೆ ಬೇಕು."

ಮೇಯರ್ ಹೊಟ್ಟೆ ಹಿಡಿದು ನಕ್ಕರು. "ಎಗೋನ್, ನಮ್ಮೂರಲ್ಲಿ ಯಾರ ಅಡುಗೆಮನೇಲಿ ಬಾರ್ಬರಾ ಕುರ್ಚಿ ಇಲ್ಲ ಹೇಳು? ನಮ್ಮಜ್ಜಿನೂ ಸಾಯೋವರೆಗೂ ಹಾಗೇ ಹೇಳ್ತಿದ್ಲು."

ಎಗೋನ್ ನೇಗೆಲೆಯಮ್ಮನ ಕಡೆ ತಿರುಗಿದ. ಬೆಳಿಗ್ಗೆ ನಡೆದದ್ದೆಲ್ಲ ಅವಳ ಕಣ್ಣೆದುರಿಗೇ ನಡೆದಿತ್ತು. ಊರಿನ ಆಸ್ತಿಯನ್ನು ವ್ಯಾನಿಗೆ ಹತ್ತಿಸಿದ ಕೈಗಳನ್ನು ಆಕೆ ಏಪ್ರನ್ನಿನೊಳಗೆ ಬಚ್ಚಿಟ್ಟುಕೊಂಡಳು.

"ನಾನೇನೂ ನೋಡಿಲ್ಲಪ್ಪ," ಎಂದಳು. "ಬೆಳಿಗ್ಗೆಯಿಂದ ಕಿಟಕಿಗೇ ಬಂದಿಲ್ಲ."

ಪಾಪ, ಹೆಂಡತಿ ಹೋದ ಕೊರಗು ಎಂದು ಮೇಯರ್ ಅವನ ಬೆನ್ನು ತಟ್ಟಿದರು. ನಾಳೆಯೇ ಗಾಜಿನ ಪೆಟ್ಟಿಗೆ ಬರುತ್ತದೆ, ಇನ್ನು ಮೇಲೆ ಇದನ್ನು ಯಾರೂ ಮುಟ್ಟದಂತೆ ಕಾಯುವುದು ನಿನ್ನ ಹೊಣೆ ಎಂದು ಹೇಳಿ ಎಲ್ಲರನ್ನೂ ಕರೆದುಕೊಂಡು ಬಿಯರ್ ಕುಡಿಯಲು ಹೋದರು.

ಸಂಜೆ ಬಾಗಿಲು ಹಾಕುವ ಮೊದಲು ಎಗೋನ್ ಕುರ್ಚಿಯ ಮುಂದೆ ನಿಂತ. "ನೀನು ಹೇಳಿದ್ದೇ ನಿಜ ಕಣೇ ಹೆಡ್ವಿಗ್. ನಾನೇ ಕತ್ತೆ," ಎಂದ. ನಾಳೆ ಗಾಜು ಬಂದುಬಿಡುತ್ತದೆ, ಒಂದೇ ಒಂದು ಗಳಿಗೆ ಅವಳ ಜಾಗದಲ್ಲಿ ಕೂತು ಹೋಗೋಣ ಅನ್ನಿಸಿತು. ಹಗ್ಗ ದಾಟಿ, ಕುರ್ಚಿಯ ಕೈ ಹಿಡಿದು, ಮೆಲ್ಲಗೆ ಬಗ್ಗಿದ.

ಎದುರು ಮನೆಯ ಕಿಟಕಿ ದಡಾರನೆ ತೆರೆಯಿತು.

"ಬೋಸೆರ್ಟ್ ಅವ್ರೆ, ಅದರ ಮೇಲೆ ಕೂರಬಾರ್ದು," ಎಂದಳು ನೇಗೆಲೆಯಮ್ಮ, ದಿಂಬು ಸರಿಮಾಡಿಕೊಳ್ಳುತ್ತಾ. "ನಾನ್ ನೋಡ್ತಿದೀನಿ."